ಬರ್ಮಾದಿಂದ ನಡೆದು ಬಂದವರ ಲೆಕ್ಕ

1941ರ ಡಿಸೆಂಬರ್ 23ರ ಬೆಳಿಗ್ಗೆ ರಂಗೂನಿನ ಆಕಾಶದಲ್ಲಿ ವಿಮಾನಗಳ ಸದ್ದು ಕೇಳಿದಾಗ ಬೀದಿಯಲ್ಲಿದ್ದವರು ಓಡಿ ಅಡಗಲಿಲ್ಲ. ತಲೆಯೆತ್ತಿ ನೋಡುತ್ತ ನಿಂತರು. ವಿಮಾನ ದಾಳಿ ಎಂದರೇನು ಎಂಬುದು ಆ ಊರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕೆಲವೇ ನಿಮಿಷಗಳಲ್ಲಿ ಜಪಾನಿ ಬಾಂಬುಗಳು ಬಂದರಿನ ಮೇಲೆ, ಕಿಕ್ಕಿರಿದ ಕೇರಿಗಳ ಮೇಲೆ ಬಿದ್ದವು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಎರಡು ದಿನ ಬಿಟ್ಟು, ಕ್ರಿಸ್‌ಮಸ್ ದಿನವೇ, ಮತ್ತೆ ದಾಳಿಯಾಯಿತು. ಅಂದಿನಿಂದ ರಂಗೂನಿನ ಜನ ಗಂಟುಮೂಟೆ ಕಟ್ಟತೊಡಗಿದರು.

ಆ ಬೆಳಗಿನಿಂದ 1942ರ ಮೇ ಕೊನೆಯವರೆಗಿನ ಐದು ತಿಂಗಳಲ್ಲಿ ಬರ್ಮಾದಿಂದ ಎರಡು ಮೆರವಣಿಗೆಗಳು ಭಾರತದ ಕಡೆಗೆ ಹೊರಟವು. ಒಂದು, ಬ್ರಿಟಿಷ್ ಸೇನೆಯದು. ಸುಮಾರು ಸಾವಿರ ಮೈಲಿ ಹಿಂದೆ ಸರಿದು ಅದು ಮಣಿಪುರ ಸೇರಿತು. ಬ್ರಿಟಿಷ್ ಸೇನೆಯ ಇತಿಹಾಸದಲ್ಲೇ ಅತಿ ಉದ್ದದ ಹಿಮ್ಮೆಟ್ಟುವಿಕೆ ಇದೆಂದು ಹೇಳುತ್ತಾರೆ. ಇನ್ನೊಂದು, ಬರ್ಮಾದಲ್ಲಿ ದುಡಿದು ಬದುಕುತ್ತಿದ್ದ ಭಾರತೀಯರದು. ನಾಲ್ಕರಿಂದ ಐದು ಲಕ್ಷ ಜನ, ಅವರಲ್ಲಿ ಬಹುಪಾಲು ಕಾಲ್ನಡಿಗೆಯಲ್ಲೇ ಬಂದವರು.

ಮೊದಲನೆಯದರ ಬಗ್ಗೆ ಕಪಾಟು ತುಂಬುವಷ್ಟು ಪುಸ್ತಕಗಳಿವೆ. ಸೋತದ್ದು ಯಾರ ತಪ್ಪಿನಿಂದ ಎಂಬ ಜಗಳ ದಶಕಗಳ ಕಾಲ ನಡೆಯಿತು. ಎರಡನೆಯದರಲ್ಲಿ ಎಷ್ಟು ಜನ ಸತ್ತರು ಎಂಬುದು ಇಂದಿಗೂ ಅಂದಾಜಾಗಿಯೇ ಉಳಿದಿದೆ.

ಅರ್ಧಕ್ಕಿಂತ ಹೆಚ್ಚು ಭಾರತೀಯರ ಊರು

ಈಗ ಮ್ಯಾನ್ಮಾರ್ ಎನ್ನಿಸಿಕೊಂಡಿರುವ ಬರ್ಮಾ ನಮ್ಮ ಹಿರಿಯರಿಗೆ ದೂರದ ದೇಶವಾಗಿರಲಿಲ್ಲ. 1824ರಿಂದ 1885ರ ನಡುವೆ ಮೂರು ಯುದ್ಧಗಳಲ್ಲಿ ಅದನ್ನು ಗೆದ್ದ ಬ್ರಿಟಿಷರು ಭಾರತದ ಒಂದು ಪ್ರಾಂತವನ್ನಾಗಿ ಆಳಿದರು. ಕೊನೆಯ ಮೊಗಲ್ ದೊರೆ ಬಹಾದ್ದೂರ್ ಷಾ ಜಫರ್ ಸೆರೆಯಲ್ಲಿ ಸತ್ತದ್ದು ರಂಗೂನಿನಲ್ಲಿ. ಲೋಕಮಾನ್ಯ ತಿಲಕರು 'ಗೀತಾರಹಸ್ಯ' ಬರೆದದ್ದು ಮಾಂಡಲೆಯ ಸೆರೆಮನೆಯಲ್ಲಿ. 1937ರ ಏಪ್ರಿಲ್ 1ರಂದು ಬರ್ಮಾ ಭಾರತದಿಂದ ಬೇರ್ಪಟ್ಟಿತಾದರೂ ಹಡಗುಗಳ ಓಡಾಟ ನಿಲ್ಲಲಿಲ್ಲ.

1931ರ ಜನಗಣತಿಯಂತೆ ಬರ್ಮಾದಲ್ಲಿ 10 ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದರು. ರಂಗೂನಿನ ಸುಮಾರು 4 ಲಕ್ಷ ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಭಾರತೀಯರೇ. ಹಡಗುಕಟ್ಟೆಯಲ್ಲಿ ಮೂಟೆ ಹೊರುವವರು ತೆಲುಗರು ಮತ್ತು ಒಡಿಯಾ ಜನ. ದೋಣಿ ನಡೆಸುವವರು ಚಿತ್ತಗಾಂಗಿನವರು. ಪೊಲೀಸರಲ್ಲಿ ಪಂಜಾಬಿಗಳು, ಅಂಗಡಿಗಳಲ್ಲಿ ಗುಜರಾತಿಗಳು, ಕಚೇರಿಗಳಲ್ಲಿ ಬಂಗಾಳಿ ಮತ್ತು ತಮಿಳು ಗುಮಾಸ್ತರು. ಬೀದಿ ಗುಡಿಸುವವರೂ ಪಾಯಖಾನೆ ಶುಚಿ ಮಾಡುವವರೂ ಭಾರತೀಯರು.

ತಮಿಳುನಾಡಿನ ಚೆಟ್ಟಿಯಾರರು ರೈತರಿಗೆ ಸಾಲ ಕೊಡುತ್ತಿದ್ದರು. 1930ರ ಆರ್ಥಿಕ ಮುಗ್ಗಟ್ಟಿನಲ್ಲಿ ಬತ್ತದ ಬೆಲೆ ಕುಸಿದು ಸಾಲ ತೀರದೆ ಹೋದಾಗ, ದಕ್ಷಿಣ ಬರ್ಮಾದ ಒಳ್ಳೆಯ ಬತ್ತದ ಭೂಮಿಯ ದೊಡ್ಡ ಪಾಲು ಅವರ ಕೈಸೇರಿತು. ಭೂಮಿ ಕಳೆದುಕೊಂಡ ಬರ್ಮೀ ರೈತನ ಸಿಟ್ಟು ಎಲ್ಲ ಭಾರತೀಯರ ಮೇಲೂ ತಿರುಗಿತು. 1930ರಲ್ಲಿ ಮತ್ತು 1938ರಲ್ಲಿ ದೊಡ್ಡ ಗಲಭೆಗಳಾದವು. ಅವುಗಳಲ್ಲಿ ಏಟು ತಿಂದವರು ಹೆಚ್ಚಾಗಿ ಕೂಲಿಗಳೇ. ಯುದ್ಧ ಬಂದಾಗ ಭಾರತೀಯರು ಹೆದರಿದ್ದು ಬಾಂಬಿಗೆ ಮಾತ್ರವೇ ಆಗಿರಲಿಲ್ಲ. ಬ್ರಿಟಿಷರು ಹೊರಟುಹೋದರೆ ನಮ್ಮ ಗತಿಯೇನು ಎಂಬ ಭಯ ಅವರನ್ನು ಕಾಡಿತು.

ಹೋಗಲೂ ಬಿಡಲಿಲ್ಲ

ಮೊದಲ ದಾಳಿಯ ನಂತರ ಸಾವಿರಾರು ಭಾರತೀಯರು ಉತ್ತರಕ್ಕೆ ಪ್ರೋಮ್ ರಸ್ತೆ ಹಿಡಿದರು. ಮರುದಿನವೇ ಸರ್ಕಾರಕ್ಕೆ ಬಿಸಿ ಮುಟ್ಟಿತು. ಕೂಲಿಗಳಿಲ್ಲದೆ ಹಡಗುಗಳಿಂದ ಮದ್ದುಗುಂಡು ಇಳಿಸುವವರಿಲ್ಲ, ಬೀದಿಯ ಹೆಣ ಎತ್ತುವವರಿಲ್ಲ. ಅಧಿಕಾರಿಗಳು ಅವರ ಹಿಂದೆಯೇ ಹೋಗಿ, ರಕ್ಷಣೆಯ ಮಾತು ಕೊಟ್ಟು, ಒಲಿಸಿ, ಬಹಳ ಮಂದಿಯನ್ನು ಮರಳಿ ಕರೆತಂದರು. ಇತ್ತ ಹಡಗಿನಲ್ಲಿ ಕಡಿಮೆ ದರದ ಡೆಕ್ ಟಿಕೆಟ್ ಪಡೆಯಲು ದುಡಿಯುವ ವಯಸ್ಸಿನ ಗಂಡಸರಿಗೆ ನಿರ್ಬಂಧ ಹಾಕಲಾಯಿತು. ಕ್ಯಾಬಿನ್ ಟಿಕೆಟಿಗೆ ಹಣವಿದ್ದವರು ಹೋದರು. ಸುಮಾರು 70 ಸಾವಿರ ಜನ ಸಮುದ್ರದ ದಾರಿಯಲ್ಲಿ ಪಾರಾದರು.

ಆಗ ಬರ್ಮಾದ ಗವರ್ನರ್ ಆಗಿದ್ದವರು ಸರ್ ರೆಜಿನಾಲ್ಡ್ ಡಾರ್ಮನ್-ಸ್ಮಿತ್. ಇಂಗ್ಲೆಂಡಿನಲ್ಲಿ ಕೃಷಿ ಮಂತ್ರಿಯಾಗಿದ್ದ ಅವರು ರಂಗೂನಿಗೆ ಬಂದು ವರ್ಷ ತುಂಬಿರಲಿಲ್ಲ. ಅವರ ಮುಂದಿದ್ದ ಇಕ್ಕಟ್ಟು ನಿಜವಾದದ್ದೇ. ಜನರನ್ನು ಬೇಗ ಕಳಿಸಿದರೆ ಬಂದರು ನಿಲ್ಲುತ್ತದೆ, ಬಂದರು ನಿಂತರೆ ಸೇನೆ ನಿಲ್ಲುವುದಿಲ್ಲ. ಆದರೆ ಈ ಲೆಕ್ಕಾಚಾರದ ಬೆಲೆ ತೆತ್ತವರು ಬೇರೆ ಜನ. ಜನವರಿಯಲ್ಲಿ ಹಡಗು ಹತ್ತಬಹುದಾಗಿದ್ದವರು ಮಾರ್ಚಿಯಲ್ಲಿ ಕಾಡು ಹತ್ತಬೇಕಾಯಿತು.

ಸಿತ್ತಾಂಗ್ ಸೇತುವೆ

ಜಪಾನಿ ಸೇನೆ ಥಾಯ್ಲೆಂಡಿನ ಕಡೆಯಿಂದ ಒಳನುಗ್ಗಿತು. 1942ರ ಜನವರಿ 31ರಂದು ಮೌಲ್ಮೀನ್ ಬಿತ್ತು. ರಂಗೂನಿಗೂ ಶತ್ರುವಿಗೂ ನಡುವೆ ಉಳಿದ ದೊಡ್ಡ ಅಡ್ಡಿ ಎಂದರೆ ಸಿತ್ತಾಂಗ್ ನದಿ. 17ನೇ ಭಾರತೀಯ ಡಿವಿಷನ್ನಿನ ದಂಡನಾಯಕ ಜಾನ್ ಸ್ಮಿತ್, ಬೇಗನೆ ನದಿಯ ಈಚೆಗೆ ಬಂದು ನಿಲ್ಲಲು ಅಪ್ಪಣೆ ಕೇಳಿದರು. ಮೇಲಧಿಕಾರಿ ಥಾಮಸ್ ಹಟನ್ ಒಪ್ಪಲಿಲ್ಲ. ಅವರ ಮೇಲಿದ್ದ ವೇವೆಲ್ಲರದು ಒಂದು ಅಡಿಯನ್ನೂ ಸುಮ್ಮನೆ ಬಿಡಬಾರದೆಂಬ ಧೋರಣೆ. ಕೊನೆಗೆ ಅಪ್ಪಣೆ ಬಂದಾಗ ತಡವಾಗಿತ್ತು.

ಫೆಬ್ರವರಿ 23ರ ನಸುಕಿನಲ್ಲಿ ಸೇತುವೆ ಜಪಾನಿಯರ ಕೈಸೇರುತ್ತದೆಂಬ ಭಯದಿಂದ ಅದನ್ನು ಸಿಡಿಸಲಾಯಿತು. ಡಿವಿಷನ್ನಿನ ಹೆಚ್ಚಿನ ಪಾಲು ಇನ್ನೂ ಆಚೆ ದಡದಲ್ಲಿತ್ತು. ಗೂರ್ಖಾ, ಪಂಜಾಬಿ ಮತ್ತು ಇಂಗ್ಲಿಷ್ ಸಿಪಾಯಿಗಳು ಬಂದೂಕು ಬಿಸುಟು, ಬಿದಿರಿನ ತೆಪ್ಪಗಳ ಮೇಲೆ, ಈಜಿಕೊಂಡು ಬಂದರು. ಎಷ್ಟೋ ಮಂದಿ ಮುಳುಗಿದರು. ಮರುದಿನ ಎಣಿಸಿದಾಗ ಡಿವಿಷನ್ನಿನಲ್ಲಿ ಉಳಿದಿದ್ದ ಪದಾತಿಗಳು 3,484. ಅವರ ಬಳಿಯಿದ್ದ ಬಂದೂಕುಗಳು 1,420.

ರಂಗೂನಿನ ಹಣೆಬರಹ ಅಲ್ಲಿಗೆ ತೀರ್ಮಾನವಾಯಿತು. ಸಿಬ್ಬಂದಿ ಓಡಿಹೋಗಿ, ಸೆರೆಮನೆ ಮತ್ತು ಹುಚ್ಚಾಸ್ಪತ್ರೆಯ ಬಾಗಿಲುಗಳನ್ನು ತೆರೆದುಬಿಡಲಾಯಿತು. ಮಾರ್ಚ್ 5ರಂದು ಹಟನ್ ಜಾಗಕ್ಕೆ ಹೆರಾಲ್ಡ್ ಅಲೆಕ್ಸಾಂಡರ್ ಬಂದರು. ಮಾರ್ಚ್ 7ರಂದು ತೈಲ ಶುದ್ಧೀಕರಣ ಕಾರ್ಖಾನೆಗೆ ಬೆಂಕಿ ಇಟ್ಟು ಸೇನೆ ಹೊರಟಿತು. ಮರುದಿನ ಜಪಾನಿಯರು ಊರು ಹೊಕ್ಕರು. ಪ್ರೋಮ್ ರಸ್ತೆಯ ಟೌಕ್ಯಾನ್ ಎಂಬಲ್ಲಿ ಅಲೆಕ್ಸಾಂಡರ್ ಸಹಿತ ಇಡೀ ಸೇನೆ ಜಪಾನಿ ಬಲೆಗೆ ಬೀಳುವುದರಲ್ಲಿತ್ತು. ರಸ್ತೆಗೆ ಅಡ್ಡ ನಿಂತಿದ್ದ ಜಪಾನಿ ಪಡೆ ತಾನಾಗಿಯೇ ಸರಿದುಹೋದ್ದರಿಂದ ಉಳಿಯಿತು. ಈ ಟೌಕ್ಯಾನ್ ಎಂಬ ಹೆಸರು ನೆನಪಿರಲಿ, ಕೊನೆಯಲ್ಲಿ ಅಲ್ಲಿಗೆ ಮರಳಬೇಕಿದೆ.

ಮೂರು ದಾರಿಗಳು

ನಡೆದು ಹೊರಟವರಿಗೆ ಮೂರು ದಾರಿಗಳಿದ್ದವು. ಮೊದಲನೆಯದು, ಪ್ರೋಮ್ ಬಳಿ ಐರಾವತಿ ದಾಟಿ, ಅರಕಾನ್ ಬೆಟ್ಟಸಾಲು ಹತ್ತಿ ಇಳಿದು, ಟೌಂಗಪ್‌ನಿಂದ ದೋಣಿಗಳಲ್ಲಿ ಅಕ್ಯಾಬ್ ಮತ್ತು ಚಿತ್ತಗಾಂಗ್ ಸೇರುವ ದಾರಿ. ಇಲ್ಲಿ ನೀರಿರಲಿಲ್ಲ. ದಾರಿಯಲ್ಲಿ ದರೋಡೆಕೋರರಿದ್ದರು. ಶಿಬಿರಗಳಲ್ಲಿ ಕಾಲರಾ ಹರಡಿತು.

ಎರಡನೆಯದು, ಮಾಂಡಲೆಯಿಂದ ಚಿಂದ್ವಿನ್ ನದಿ ತಲುಪಿ, ತಾಮು ಮೂಲಕ ಇಂಫಾಲಕ್ಕೆ, ಅಲ್ಲಿಂದ ದಿಮಾಪುರದ ರೈಲಿಗೆ ಹೋಗುವ ದಾರಿ. ರಂಗೂನ್ ಬಿದ್ದ ಮೇಲೆ ಲಕ್ಷಗಟ್ಟಲೆ ಜನ ಮಾಂಡಲೆಯ ಸುತ್ತ ಸೇರಿಕೊಂಡರು. ಏಪ್ರಿಲ್ 3ರ ಬಾಂಬ್ ದಾಳಿಯಲ್ಲಿ ಆ ಊರು ಹೊತ್ತಿ ಉರಿಯಿತು. ಸೇನೆಯೂ ಇದೇ ದಿಕ್ಕಿಗೆ ಹಿಂದೆ ಸರಿಯುತ್ತಿದ್ದುದರಿಂದ ಲಾರಿ, ದೋಣಿ, ಅಕ್ಕಿ ಎಲ್ಲದಕ್ಕೂ ಸೇನೆ ಮೊದಲು, ಜನ ಆಮೇಲೆ ಎಂದಾಯಿತು.

ಮೂರನೆಯದು ಎಲ್ಲಕ್ಕಿಂತ ಕ್ರೂರವಾದದ್ದು. ಮೇ ಮೊದಲ ವಾರದವರೆಗೆ ಮಿಚಿನಾದಿಂದ ವಿಮಾನಗಳು ಹೋಗುತ್ತಿದ್ದವು. ಮೇ 4ರಂದು ಗವರ್ನರ್ ಕೂಡ ಅಲ್ಲಿಂದಲೇ ಹಾರಿದರು. ಎರಡೇ ದಿನದಲ್ಲಿ ಆ ನಿಲ್ದಾಣದ ಮೇಲೆ ಬಾಂಬ್ ಬಿತ್ತು. ವಿಮಾನಕ್ಕಾಗಿ ಕಾದಿದ್ದ ಸಾವಿರಾರು ಜನ ಬೇರೆ ದಾರಿ ಕಾಣದೆ ಹುಕಾಂಗ್ ಕಣಿವೆಯ ಕಾಡು ಹೊಕ್ಕರು. ಅದೇ ಹೊತ್ತಿಗೆ ಮಳೆಗಾಲ ಹಿಡಿಯಿತು. ಮೊಣಕಾಲುದ್ದದ ಕೆಸರು, ಜಿಗಣೆ, ಮಲೇರಿಯಾ, ಉಕ್ಕಿದ ಹೊಳೆಗಳು. ಮುಂದೆ ಇದೇ ದಿಕ್ಕಿನಲ್ಲಿ ಲೆಡೊ ರಸ್ತೆ ಕಡಿಯಲು ಬಂದವರಿಗೆ ಗುಡಿಸಲುಗಳಲ್ಲಿ, ಹಾದಿ ಬದಿಯಲ್ಲಿ ಅಸ್ಥಿಪಂಜರಗಳು ಸಿಕ್ಕವು.

ಎದುರುಗೊಂಡು ಕಾಪಾಡಿದವರೂ ಇದ್ದರು. ಅಸ್ಸಾಮಿನ ಚಹಾ ತೋಟಗಾರರ ಸಂಘ ಶಿಬಿರಗಳನ್ನು ತೆರೆಯಿತು. ಗೈಲ್ಸ್ ಮ್ಯಾಕ್ರೆಲ್ ಎಂಬ ತೋಟಗಾರ ಆನೆಗಳನ್ನು ಕೊಂಡೊಯ್ದು ಪ್ರವಾಹದ ದಫಾ ಹೊಳೆಯಲ್ಲಿ ಸಿಕ್ಕಿಬಿದ್ದವರನ್ನು ದಾಟಿಸಿದ್ದು ಪ್ರಸಿದ್ಧ ಕಥೆ. ಆದರೆ ಅಕ್ಕಿ ಮೂಟೆ ಹೊತ್ತು ಬೆಟ್ಟ ಹತ್ತಿದವರು, ನಡೆಯಲಾರದವರನ್ನು ಹೊತ್ತು ತಂದವರು ತೋಟದ ಕೂಲಿಗಳು ಮತ್ತು ಬೆಟ್ಟದ ಜನ. ಅವರ ಹೆಸರುಗಳು ಯಾವ ಕಥೆಯಲ್ಲೂ ಸಿಗುವುದಿಲ್ಲ.

ಸತ್ತವರೆಷ್ಟು? 10 ಸಾವಿರ ಎನ್ನುವವರಿದ್ದಾರೆ, 50 ಸಾವಿರ ಎನ್ನುವವರಿದ್ದಾರೆ, ಅದಕ್ಕೂ ಹೆಚ್ಚು ಎನ್ನುವವರೂ ಇದ್ದಾರೆ. ಹೊರಟವರ ಪಟ್ಟಿ ಬರೆದಿಟ್ಟವರಿಲ್ಲ. ಹೀಗಾಗಿ ಬಾರದೇ ಹೋದವರ ಪಟ್ಟಿಯೂ ಇಲ್ಲ.

ಕಪ್ಪು ದಾರಿ, ಬಿಳಿ ದಾರಿ

ಬದುಕಿ ಬಂದವರು ಒಂದು ಕಹಿ ಸುದ್ದಿಯನ್ನೂ ತಂದರು. ದಾರಿಯಲ್ಲಿ ಯುರೋಪಿಯನ್ನರಿಗೆ ಮತ್ತು ಆಂಗ್ಲೋ-ಇಂಡಿಯನ್ನರಿಗೆ ವಾಹನ, ಶಿಬಿರ, ಊಟದ ಒಳ್ಳೆಯ ಏರ್ಪಾಡಿದ್ದ ಒಂದು ಹಾದಿ, ಭಾರತೀಯರಿಗೆ ಕಷ್ಟದ ಇನ್ನೊಂದು ಹಾದಿ ಎಂಬುದೇ ಆ ಸುದ್ದಿ. 'ಬಿಳಿ ದಾರಿ, ಕಪ್ಪು ದಾರಿ' ಎಂಬ ಮಾತು ದೇಶದ ತುಂಬ ಹರಡಿತು. ಬಣ್ಣ ನೋಡಿ ಭೇದ ಮಾಡಿಲ್ಲ ಎಂದು ಸರ್ಕಾರ ಸಮಜಾಯಿಷಿ ಕೊಟ್ಟಿತು. ಕಾಲು ಊದಿಸಿಕೊಂಡು ಬಂದವರ ಎದುರು ಆ ಮಾತು ನಿಲ್ಲಲಿಲ್ಲ.

ಜವಾಹರಲಾಲ್ ನೆಹರೂ ಅಸ್ಸಾಮಿಗೆ ಹೋಗಿ ನಿರಾಶ್ರಿತರನ್ನು ಕಂಡು ಬಂದರು. ಏಪ್ರಿಲ್ ಕೊನೆಯಲ್ಲಿ ಅಲಹಾಬಾದಿನಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಬರ್ಮಾ ಮತ್ತು ಮಲಯಾದ ನಿರಾಶ್ರಿತರ ಬಗ್ಗೆ ಠರಾವು ಮಾಡಿತು. ಜುಲೈ 14ರ ವಾರ್ಧಾ ಠರಾವಿನಲ್ಲಿ, ಮಲಯಾ, ಸಿಂಗಪುರ ಮತ್ತು ಬರ್ಮಾದ ಅನುಭವ ಭಾರತಕ್ಕೆ ಬರಬಾರದೆಂಬ ಮಾತು ಸ್ಪಷ್ಟವಾಗಿಯೇ ಇದೆ. ಸುಮಾರು ಮೂರೂವರೆ ವಾರದ ನಂತರ, ಆಗಸ್ಟ್ 8ರಂದು, ಮುಂಬಯಿಯಲ್ಲಿ 'ಭಾರತ ಬಿಟ್ಟು ತೊಲಗಿ' ಠರಾವು ಬಂದಿತು. ಕ್ರಿಪ್ಸ್ ಸಂಧಾನ ಮುರಿದುಬಿದ್ದದ್ದು ಆ ಚಳವಳಿಗೆ ಕಾರಣವೆಂದು ನಾವು ಶಾಲೆಯಲ್ಲಿ ಓದಿದ್ದೇವೆ. ಕಾಪಾಡುತ್ತೇವೆಂದು ಹೇಳಿಕೊಂಡಿದ್ದ ಸರ್ಕಾರ ಕಾಪಾಡಲಾರದು ಎಂಬುದನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದವರಲ್ಲಿ ಬರ್ಮಾದಿಂದ ಬಂದ ಈ ಜನರೂ ಇದ್ದರು.

ತಪ್ಪು ಯಾರದ್ದು?

ಮೇ ತಿಂಗಳಲ್ಲಿ ಸೇನೆಯ ಕೊನೆಯ ತುಕಡಿಗಳು ಇಂಫಾಲ ತಲುಪಿದವು. ಚೀನೀ ಪಡೆಗಳೊಂದಿಗಿದ್ದ ಅಮೆರಿಕದ ಜನರಲ್ ಸ್ಟಿಲ್‌ವೆಲ್ ಕೂಡ ಕಾಡಿನಲ್ಲಿ ನಡೆದೇ ಬಂದರು. ದಿಲ್ಲಿಯಲ್ಲಿ ಪತ್ರಕರ್ತರ ಮುಂದೆ, ನಮಗೆ ಚೆನ್ನಾಗಿ ಪೆಟ್ಟು ಬಿದ್ದಿದೆ, ಇದು ಅವಮಾನ ಎಂದು ನೇರವಾಗಿ ಒಪ್ಪಿಕೊಂಡರು. ಉಳಿದವರಲ್ಲಿ ಅಷ್ಟು ಬಿಚ್ಚುಮಾತು ಕಾಣಲಿಲ್ಲ.

ಸಿತ್ತಾಂಗಿನ ಹೊಣೆ ಮೊದಲು ಬಿದ್ದದ್ದು ಸ್ಮಿತ್ ಮೇಲೆ. ಮೊದಲ ಮಹಾಯುದ್ಧದಲ್ಲಿ ವಿಕ್ಟೋರಿಯಾ ಕ್ರಾಸ್ ಗೆದ್ದಿದ್ದ ಈ ಸೈನಿಕನನ್ನು ವೇವೆಲ್ ಹುದ್ದೆಯಿಂದ ಕಿತ್ತುಹಾಕಿದರು. ಸ್ಮಿತ್ ಮುಂದೆ ಬ್ರಿಟನ್ನಿನ ಸಂಸತ್ ಸದಸ್ಯರಾಗಿ, ಪುಸ್ತಕಗಳನ್ನು ಬರೆದು, ಬೇಗ ಹಿಂದೆ ಸರಿಯಲು ಬಿಡದವರದೇ ತಪ್ಪು ಎಂದು ವಾದಿಸುತ್ತಲೇ ಹೋದರು. ಹಟನ್ ಪದವಿ ಕಳೆದುಕೊಂಡರು. ಆಸ್ಟ್ರೇಲಿಯದ ಒಂದು ಡಿವಿಷನ್ ರಂಗೂನಿಗೆ ಬಂದಿದ್ದರೆ ಚೆನ್ನಾಗಿತ್ತು ಎಂಬುದು ಚರ್ಚಿಲ್ ಕೊರಗು. ನಮ್ಮ ದೇಶದ ಬಾಗಿಲಿಗೇ ಜಪಾನ್ ಬಂದಿರುವಾಗ ಕಳಿಸಲಾರೆ ಎಂದು ಆಸ್ಟ್ರೇಲಿಯದ ಪ್ರಧಾನಿ ಕರ್ಟಿನ್ ಖಡಾಖಂಡಿತವಾಗಿ ಹೇಳಿದ್ದರು. ನಾಗರಿಕ ಆಡಳಿತ ಕುಸಿದದ್ದೇ ಕಾರಣವೆಂದರು ಸೇನೆಯವರು. ಸಿಮ್ಲಾದಲ್ಲಿ ಕುಳಿತು ಡಾರ್ಮನ್-ಸ್ಮಿತ್ ತಮ್ಮ ಆಡಳಿತದ ಸಮರ್ಥನೆಗೆ ನಿಂತರು. ಇವರೆಲ್ಲರ ನಡುವೆ ಇನ್ನೊಂದು ಆರೋಪವೂ ಕೇಳಿಬಂತು. ಭಾರತೀಯ ಕೂಲಿಗಳು ಕೆಲಸ ಬಿಟ್ಟು ಓಡಿದ್ದರಿಂದಲೇ ಬಂದರು ನಿಂತಿತಂತೆ! ತಲೆಯ ಮೇಲೆ ಬಾಂಬು ಬೀಳುವಾಗ ಯಾವ ರಕ್ಷಣೆಯೂ ಇಲ್ಲದ ದಿನಗೂಲಿಯ ಮನುಷ್ಯನ ಮೇಲೂ ಒಂದಿಷ್ಟು ಹೊಣೆ ಬಿತ್ತು.

ಈ ಜಗಳದಲ್ಲೆಲ್ಲ ಕೇಳಿದ ಪ್ರಶ್ನೆ ಒಂದೇ: ಬರ್ಮಾ ಕೈತಪ್ಪಿದ್ದು ಯಾರಿಂದ? ಜನರನ್ನು ಹಡಗಿನಲ್ಲಿ ಕಳಿಸುವ ಅವಕಾಶವಿದ್ದಾಗ ತಡೆದವರು ಯಾರು, ಕಾಡಿನ ದಾರಿಯಲ್ಲಿ ಅಕ್ಕಿ, ನೀರು, ಔಷಧಿ ಮೊದಲೇ ಇಡದೇ ಹೋದವರು ಯಾರು ಎಂಬ ಪ್ರಶ್ನೆಗೆ ಯಾರ ಪದವಿಯೂ ಹೋಗಲಿಲ್ಲ.

ನಿಂತುಹೋದ ಅಕ್ಕಿ

ಬರ್ಮಾದ ಸೋಲು ಗಡಿಯಲ್ಲಿ ನಿಲ್ಲಲಿಲ್ಲ, ಅದು ಊಟದ ತಟ್ಟೆಗೂ ಬಂತು. ಯುದ್ಧಕ್ಕೆ ಮುಂಚೆ ಬರ್ಮಾದಿಂದ ಭಾರತಕ್ಕೆ ವರ್ಷಕ್ಕೆ 10 ಲಕ್ಷ ಟನ್ನಿಗೂ ಹೆಚ್ಚು ಅಕ್ಕಿ ಬರುತ್ತಿತ್ತು. ಅದು ಒಮ್ಮೆಗೇ ನಿಂತಿತು. ತಿರುವಾಂಕೂರು, ಕೊಚ್ಚಿಯ ಜನ ಮರಗೆಣಸು ತಿಂದು ದಿನ ದೂಡಿದರು. ಯುದ್ಧಕಾಲದ ಅಕ್ಕಿ ಅಭಾವದಲ್ಲಿ ರವೆಯಿಂದ ಇಡ್ಲಿ ಮಾಡಿ ನೋಡಿದ್ದರಿಂದಲೇ ರವೆ ಇಡ್ಲಿ ಹುಟ್ಟಿತೆಂದು ಬೆಂಗಳೂರಿನ ಎಂ.ಟಿ.ಆರ್. ಹೋಟೆಲಿನವರು ಹೇಳುತ್ತಾರೆ. ನಮ್ಮ ಪಾಲಿಗೆ ಆ ಅಭಾವ ಒಂದು ಹೊಸ ತಿಂಡಿಯ ನೆನಪಾಗಿ ಉಳಿಯಿತು. ಬಂಗಾಳದ ಪಾಲಿಗೆ ಹಾಗಾಗಲಿಲ್ಲ.

ಜಪಾನಿಯರು ಬಂಗಾಳಕ್ಕೂ ನುಗ್ಗಿದರೆ ಅವರಿಗೆ ಏನೂ ಸಿಗಬಾರದೆಂದು 1942ರಲ್ಲಿ ಕರಾವಳಿಯ ಜಿಲ್ಲೆಗಳಿಂದ ಅಕ್ಕಿಯನ್ನು ತೆಗೆಸಲಾಯಿತು. ಹತ್ತು ಜನ ಕೂರಬಲ್ಲ ಮತ್ತು ಅದಕ್ಕಿಂತ ದೊಡ್ಡ ದೋಣಿಗಳನ್ನು ವಶಪಡಿಸಿಕೊಳ್ಳಲಾಯಿತು. ಮೀನುಗಾರನ ಬದುಕೂ ಹೋಯಿತು, ಬತ್ತ ಸಾಗಿಸುವ ದಾರಿಯೂ ಹೋಯಿತು. ಅಕ್ಟೋಬರಿನಲ್ಲಿ ಮಿಡ್ನಾಪುರಕ್ಕೆ ಚಂಡಮಾರುತ ಬಡಿಯಿತು. ಯುದ್ಧದ ಖರ್ಚಿನಿಂದ ಬೆಲೆಗಳು ಗಗನಕ್ಕೇರಿದವು. 1943ರ ಬಂಗಾಳದ ಕ್ಷಾಮದಲ್ಲಿ 15 ಲಕ್ಷ ಜನ ಸತ್ತರೆಂದು ಸರ್ಕಾರದ ವಿಚಾರಣಾ ಆಯೋಗ ಅಂದಾಜು ಮಾಡಿತು. ಅಮರ್ತ್ಯ ಸೇನರ ಪ್ರಕಾರ ಅದು 30 ಲಕ್ಷದ ಹತ್ತಿರ. ಕ್ಷಾಮಕ್ಕೆ ಅಕ್ಕಿಯ ಕೊರತೆಗಿಂತ ಬಡವನ ಕೈಗೆ ಅಕ್ಕಿ ಎಟುಕದೇ ಹೋದದ್ದು ಮುಖ್ಯ ಕಾರಣವೆಂಬುದು ಸೇನರ ವಾದ. ಆದರೂ ಬೆಲೆಯನ್ನು ಮೇಲಕ್ಕೆ ತಳ್ಳಿದ ಕಾರಣಗಳ ಸಾಲಿನಲ್ಲಿ ಬರ್ಮಾದ ಪತನವನ್ನು ಬಿಡುವಂತಿಲ್ಲ.

ವಿಚಿತ್ರವೆಂದರೆ, 1943ರ ಅಕ್ಟೋಬರಿನಲ್ಲಿ ಹೊಸ ವೈಸರಾಯ್ ಆಗಿ ಬಂದವರು ಅದೇ ವೇವೆಲ್. ಅಧಿಕಾರ ವಹಿಸಿಕೊಂಡ ಕೆಲವೇ ದಿನಗಳಲ್ಲಿ ಅವರು ಕಲ್ಕತ್ತೆಗೆ ಹೋಗಿ ಬೀದಿಯ ಹೆಣಗಳನ್ನು ಕಂಡರು, ಪರಿಹಾರಕ್ಕೆ ಸೇನೆಯನ್ನು ಹಚ್ಚಿದರು. ಬರ್ಮಾವನ್ನು ಕಳೆದುಕೊಂಡ ದಂಡನಾಯಕನ ಎದುರಿಗೇ ಆ ಸೋಲಿನ ಒಂದು ಫಲ ಬಂದು ನಿಂತಿತ್ತು.

ಹಳೆಯ ಕಥೆ, ಹೊಸ ಊರು

ಇಂಥ ಕಥೆ ಬರ್ಮಾಕ್ಕೇ ಮುಗಿಯಲಿಲ್ಲ. 2021ರ ಆಗಸ್ಟಿನಲ್ಲಿ ಅಮೆರಿಕ 20 ವರ್ಷಗಳ ನಂತರ ಆಫ್ಘಾನಿಸ್ತಾನ ಬಿಟ್ಟಾಗ, ಕಾಬೂಲ್ ನಿಲ್ದಾಣದಲ್ಲಿ ವಿಮಾನದ ಹಿಂದೆ ಓಡಿದ ಜನರನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದೆವು. ಆಮೇಲೆ ವಾಷಿಂಗ್ಟನ್ನಿನಲ್ಲಿ ಜಗಳ ಎದ್ದಿತು. 2020ರಲ್ಲಿ ಟ್ರಂಪ್ ಸರ್ಕಾರ ತಾಲಿಬಾನ್ ಜತೆ ಮಾಡಿಕೊಂಡ ದೋಹಾ ಒಪ್ಪಂದವೇ ಕೈ ಕಟ್ಟಿತೆಂದು 2023ರಲ್ಲಿ ಬೈಡೆನ್ ಸರ್ಕಾರದ ವರದಿ ಹೇಳಿತು. ತಪ್ಪೆಲ್ಲ ಬೈಡೆನ್‌ರದೇ ಎಂದು 2024ರಲ್ಲಿ ರಿಪಬ್ಲಿಕನ್ನರ ವರದಿ ಹೇಳಿತು. ಈ ವರದಿಗಳ ನಡುವೆ, ಹೆಪ್ಪುಗಟ್ಟಿದ ಬ್ಯಾಂಕುಗಳು, ಹಸಿವು, ಶಾಲೆಯ ಬಾಗಿಲು ಮುಚ್ಚಿಸಿಕೊಂಡ ಹೆಣ್ಣುಮಕ್ಕಳು ಕಾಬೂಲಿನಲ್ಲೇ ಉಳಿದರು.

ಬರ್ಮಾದ ಭಾರತೀಯರ ಕಥೆಗೂ 1942 ಕೊನೆಯಾಗಲಿಲ್ಲ. ಯುದ್ಧ ಮುಗಿದ ಮೇಲೆ ಬಹಳ ಮಂದಿ ತಮ್ಮ ಅಂಗಡಿ, ಮನೆ ಹುಡುಕಿಕೊಂಡು ಮರಳಿದರು. 1960ರ ದಶಕದಲ್ಲಿ ನೇ ವಿನ್ ಸರ್ಕಾರ ವ್ಯಾಪಾರವನ್ನೆಲ್ಲ ರಾಷ್ಟ್ರೀಕರಣ ಮಾಡಿದಾಗ ಲಕ್ಷಾಂತರ ಜನ ಮತ್ತೆ ಬರಿಗೈಯಲ್ಲಿ ಹಡಗು ಹತ್ತಿದರು. ಚೆನ್ನೈ ಬಂದರಿನ ಎದುರಿನ ಬರ್ಮಾ ಬಜಾರ್ ಹೀಗೆ ಬಂದವರು ಕಟ್ಟಿಕೊಂಡದ್ದು. ಅಗ್ಗದ ರೇಡಿಯೊ, ವಾಚು ಕೊಳ್ಳಲು ಅಲ್ಲಿಗೆ ಹೋಗುತ್ತಿದ್ದವರಿಗೆ ಆ ಹೆಸರಿನ ಹಿಂದಿನ ಕಥೆ ಎಷ್ಟು ಗೊತ್ತಿತ್ತೋ.

ಇನ್ನು ಟೌಕ್ಯಾನ್. ಅಲೆಕ್ಸಾಂಡರ್ ಸೇನೆ ಬಲೆಯಿಂದ ಪಾರಾದ ಆ ಜಾಗದಲ್ಲಿ ಈಗ ದೊಡ್ಡ ಯುದ್ಧ ಸ್ಮಶಾನವಿದೆ. ಸಾಲಾಗಿ 6 ಸಾವಿರಕ್ಕೂ ಹೆಚ್ಚು ಸಮಾಧಿಗಳು. ನಡುವೆ ಎತ್ತರದ ಕಂಬಗಳ ಸ್ಮಾರಕ. ಸಮಾಧಿಯೂ ಸಿಗದ ಸುಮಾರು 27 ಸಾವಿರ ಸೈನಿಕರ ಹೆಸರುಗಳನ್ನು ಆ ಕಂಬಗಳ ಮೇಲೆ ಕೆತ್ತಿದ್ದಾರೆ. ಅವುಗಳಲ್ಲಿ ಬಹಳಷ್ಟು ಭಾರತೀಯ ಹೆಸರುಗಳು. ಹುಲ್ಲನ್ನು ಒಪ್ಪವಾಗಿ ಕತ್ತರಿಸಿ ನೋಡಿಕೊಳ್ಳುತ್ತಾರೆ. ಅದು ಆಗಲೇಬೇಕಾದ ಗೌರವ.

ಆ ಸ್ಮಶಾನದ ಮುಂದೆ ಹಾದುಹೋಗುವುದು ಅದೇ ಪ್ರೋಮ್ ರಸ್ತೆ. 1941ರ ಡಿಸೆಂಬರಿನಲ್ಲಿ ಮಕ್ಕಳನ್ನು ಹೆಗಲ ಮೇಲೆ, ಪಾತ್ರೆಪರಟಿಯನ್ನು ತಲೆಯ ಮೇಲೆ ಹೊತ್ತ ಕೂಲಿಗಳು ನಡೆದು ಹೋದದ್ದು ಇದೇ ರಸ್ತೆಯಲ್ಲಿ. ಮಾತು ನಂಬಿ ಮರಳಿ ಬಂದದ್ದು ಇದೇ ರಸ್ತೆಯಲ್ಲಿ. ಫೆಬ್ರವರಿಯಲ್ಲಿ ಮತ್ತೆ ಹೊರಟದ್ದೂ ಇದರಲ್ಲೇ. ಅವರ ಹೆಸರುಗಳನ್ನು ಯಾವ ಕಂಬದ ಮೇಲೂ ಕೆತ್ತಿಲ್ಲ.